ದ್ವೀಪದಲ್ಲಿ ಮನೆಯಲ್ಲೇ ಪಾಠ: ಏಳು ವರ್ಷದವನಿಗೆ ಕನ್ನಡ ಓದಲು ಬರುತ್ತಿಲ್ಲ, ನಾನೇ ಸೋತು ಹೋಗಿದ್ದೇನೆ

ನೀಲ್_ಅಮ್ಮ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ. ಮಕ್ಕಳಿಬ್ಬರೂ ಮಲಗಿದ್ದಾರೆ, ಕರೆಂಟ್ ಇದೆ, ನೆಟ್ಟೂ ಇದೆ. ಮೂರೂ ಒಟ್ಟಿಗೆ ಸಿಗುವುದು ಅಪರೂಪ.

ನಾವಿರುವುದು ಅಂಡಮಾನಿನ ನೀಲ್ ದ್ವೀಪದಲ್ಲಿ. 2018ರ ಡಿಸೆಂಬರಿನಿಂದ ಶಹೀದ್ ದ್ವೀಪ ಅಂತ ಹೆಸರು. ಆದರೆ ಜೆಟ್ಟಿಯಲ್ಲಿ ಇವತ್ತಿಗೂ ಎಲ್ಲರೂ ಕೂಗುವುದು ನೀಲ್ ಅಂತಲೇ. ಪುಟ್ಟ ಊರು. 2011ರ ಜನಗಣತಿಯಲ್ಲಿ ಮೂರು ಸಾವಿರದಷ್ಟು ಜನ, ಸ್ಕೂಟರ್ ಹತ್ತಿದರೆ ಒಂದು ಮಧ್ಯಾಹ್ನದಲ್ಲಿ ಎಲ್ಲ ಮೂಲೆಯೂ ಮುಗಿದು ಹೋಗುತ್ತದೆ. ಊರಿನ ಭಾಗಗಳ ಹೆಸರು ಸೀತಾಪುರ, ಭರತಪುರ, ಲಕ್ಷ್ಮಣಪುರ, ರಾಮನಗರ. ಇದನ್ನು ಕೇಳಿದ ಮೇಲೆಯೇ ನಮ್ಮ ಅತ್ತೆಗೆ ಸ್ವಲ್ಪ ಸಮಾಧಾನ ಆಗಿದ್ದು. ಇಲ್ಲಿನವರು ಹೆಚ್ಚಾಗಿ ಪೂರ್ವ ಬಂಗಾಳದಿಂದ ಬಂದು ನೆಲೆಸಿದ ಮನೆತನದವರು. ತರಕಾರಿ ಬೆಳೆಯುತ್ತಾರೆ, ತೆಂಗು ಅಡಿಕೆ ಇದೆ. ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವಳು, ಅಡಿಕೆ ಮರ ನೋಡಿ ಮೊದಲ ವಾರ ಅತ್ತುಬಿಟ್ಟಿದ್ದೆ.

ಗಂಡ ಡೈವಿಂಗ್ ಕಲಿಸುತ್ತಾರೆ. ಮುರುಡೇಶ್ವರದ ಹತ್ತಿರ ನೇತ್ರಾಣಿಯಲ್ಲಿ ಶುರು ಮಾಡಿ ಇಲ್ಲಿಗೆ ಬಂದವರು. ಪ್ರವಾಸಿಗಳ ಸೀಸನ್ ನವೆಂಬರಿನಿಂದ ಏಪ್ರಿಲ್‌ವರೆಗೆ. ಮೇ ನಡುವಿಗೆ ಮಳೆ ಹಿಡಿಯಿತು ಅಂದರೆ ಕೆಲಸ ಕಡಿಮೆ. ಆಗ ನಾವು ಊರಿಗೆ ಹೋಗಿ ಮೂರು ನಾಲ್ಕು ತಿಂಗಳು ಇದ್ದು ಬರುತ್ತೇವೆ. ಈ ಓಡಾಟಕ್ಕೆ ಯಾವ ಶಾಲೆಯೂ ಹೊಂದುವುದಿಲ್ಲ ಅಂತ ಎರಡು ವರ್ಷದ ಹಿಂದೆ ನಾವೇ ತೀರ್ಮಾನ ಮಾಡಿ ಮನೆಯಲ್ಲಿ ಪಾಠ ಶುರು ಮಾಡಿದೆವು. ದೊಡ್ಡವನಿಗೆ ಏಳು ವರ್ಷ, ಚಿಕ್ಕವಳಿಗೆ ನಾಲ್ಕೂವರೆ.

ಈಗ ಸಮಸ್ಯೆಗೆ ಬರುತ್ತೇನೆ. ದೊಡ್ಡವನಿಗೆ ಕನ್ನಡ ಓದಲು ಬರುತ್ತಿಲ್ಲ. ಅ ಆ ಇ ಈ ಪೂರ್ತಿ ರಾಗವಾಗಿ ಹೇಳುತ್ತಾನೆ. ನಡುವಿನ ಒಂದು ಅಕ್ಷರ ತೋರಿಸಿ ಇದೇನು ಅಂದರೆ ಮೊದಲಿನಿಂದ ಹಾಡಿಕೊಂಡು ಬರಬೇಕು! ಗೋಡೆಗೆ ಚಾರ್ಟ್ ಅಂಟಿಸಿದ್ದೇನೆ. ಇಲ್ಲಿನ ಗಾಳಿಯ ತೇವಕ್ಕೆ ಅದು ಸುರುಳಿ ಸುತ್ತಿಕೊಂಡು ಈಗ ಓ ಔ ಅಂ ಅಃ ಕಾಣಿಸುವುದೇ ಇಲ್ಲ. ಇಂಗ್ಲಿಷ್ ಸ್ವಲ್ಪ ಓದುತ್ತಾನೆ, ಹಿಂದಿ ಬಂಗಾಳಿ ಬೆರೆಸಿ ಪಕ್ಕದ ಮನೆ ಮಕ್ಕಳ ಜೊತೆ ಜಗಳ ಕೂಡ ಆಡುತ್ತಾನೆ. ಕನ್ನಡ ಮಾತಾಡುತ್ತಾನೆ, ಓದು ಅಂದರೆ ಮಾತ್ರ ಹೊಟ್ಟೆನೋವು.

ದಿನಚರಿ ಅನ್ನುವುದೂ ಇಲ್ಲ ನಮ್ಮ ಮನೆಯಲ್ಲಿ. ಇಲ್ಲಿ ಬೆಳಗಾಗುವುದು ಐದಕ್ಕೇ, ಕೆಲವು ತಿಂಗಳು ಅದಕ್ಕೂ ಮೊದಲು. ಗಡಿಯಾರ ಮಾತ್ರ ಸಾಗರದ್ದೇ, ಸೂರ್ಯ ಬೇರೆ. ಡಿಸೆಂಬರಿನಲ್ಲಿ ಸಂಜೆ ಐದಕ್ಕೆಲ್ಲ ಮುಳುಗಿ ಬಿಡುತ್ತಾನೆ. ಅದಕ್ಕೆ ಬೆಳಗ್ಗೆ ಐದೂವರೆಗೇ ಮಕ್ಕಳು ಹೊರಗೆ. ಒಂಬತ್ತಕ್ಕೆ ನಾನು ಪುಸ್ತಕ ತೆಗೆಯುವಷ್ಟರಲ್ಲಿ ಅವರ ಅರ್ಧ ದಿನ ಮುಗಿದಿರುತ್ತದೆ, ತೂಕಡಿಕೆ. ದೊಡ್ಡವನನ್ನು ಕೂರಿಸಿದರೆ ಚಿಕ್ಕವಳು ಪೆನ್ಸಿಲ್ ಕಿತ್ತುಕೊಳ್ಳುತ್ತಾಳೆ. ಅವಳನ್ನು ಸಮಾಧಾನ ಮಾಡಿ ತಿರುಗಿದರೆ ಅವನು ಇಲ್ಲ, ಬಾವಿಕಟ್ಟೆಯ ಹತ್ತಿರ ಸನ್ಯಾಸಿ ಏಡಿ ಹಿಂಬಾಲಿಸುತ್ತಿರುತ್ತಾನೆ.

ಅತ್ತೆ ದಿನಾ ಫೋನಿನಲ್ಲಿ ಕೇಳುತ್ತಾರೆ, "ಮಾಣಿ ಶಾಲೆಗೆ ಹೋಗದೇ ಹೀಗೇ ಬೆಳೀತಾನಾ?" ಅಂತ. ಮೊದಲು ಸಿಟ್ಟು ಬರುತ್ತಿತ್ತು. ಈಗ ಅದೇ ಪ್ರಶ್ನೆ ರಾತ್ರಿ ನಾನೇ ಕೇಳಿಕೊಳ್ಳುತ್ತೇನೆ.

ಯಾರಾದರೂ ಹೀಗೆ ಮನೆಯಲ್ಲಿ ಕನ್ನಡ ಓದಿಸಿದ್ದೀರಾ? ಎಲ್ಲಿಂದ ಶುರು ಮಾಡಬೇಕು? ಆನ್‌ಲೈನ್ ಕ್ಲಾಸ್ ಸೇರಿಸಿ ಅನ್ನಬೇಡಿ. 2020ರಲ್ಲಿ ಚೆನ್ನೈಯಿಂದ ಪೋರ್ಟ್ ಬ್ಲೇರ್‌ಗೆ ಸಮುದ್ರದಡಿ ಕೇಬಲ್ ಬಂತು, ಸರಿ. ನಮ್ಮ ಮನೆಗೆ ಬರುವಷ್ಟರಲ್ಲಿ ಅದು ಸುಸ್ತಾಗಿರುತ್ತದೆ.

---

ಕೋಟೆ_ಮೇಷ್ಟ್ರು

ತಾಯಿ, ಮೊದಲು ಆ ಚಾರ್ಟ್ ತೆಗೆದು ಒಲೆಗೆ ಹಾಕಿ. ಗಾಳಿ ಅರ್ಧ ಕೆಲಸ ಮಾಡಿದೆ, ಉಳಿದದ್ದು ನೀವು ಮುಗಿಸಿ.

ನಾನು ಎಚ್.ಡಿ. ಕೋಟೆ ತಾಲೂಕಿನಲ್ಲಿ ಮೇಷ್ಟ್ರಾಗಿದ್ದವನು, ಈಗ ನಿವೃತ್ತ. ನಲಿ-ಕಲಿ ಅಂತ ಕೇಳಿರಬಹುದು. 1995ರ ಹೊತ್ತಿಗೆ ನಮ್ಮ ತಾಲೂಕಿನಲ್ಲೇ ಮೊದಲು ಶುರುವಾಗಿದ್ದು. ಆಮೇಲೆ 2009-10ರಲ್ಲಿ ರಾಜ್ಯದ ಎಲ್ಲ ಕನ್ನಡ ಸರ್ಕಾರಿ ಶಾಲೆಗಳ ಒಂದು ಎರಡನೇ ಕ್ಲಾಸಿಗೆ ತಂದರು. ಅದರಲ್ಲಿ ಅಕ್ಷರವನ್ನು ಅ ಆ ಇ ಈ ಕ್ರಮದಲ್ಲಿ ಹೇಳಿಕೊಡುವುದೇ ಇಲ್ಲ. ಶುರುವಾಗುವುದೇ ರ ಗ ಸ ದ ಅ ಅಂತ. ಯಾಕೆ? ಬರೆಯುವುದಕ್ಕೆ ಸುಲಭ, ರ ಬಂದ ಕೈಗೆ ಅ ಬರೆಯುವುದು ಕಷ್ಟವಲ್ಲ. ಅದಕ್ಕಿಂತ ಮುಖ್ಯ, ಈ ಐದೇ ಅಕ್ಷರದಲ್ಲಿ ಮಗು ಪದ ಓದಬಹುದು. ಸರ. ರಸ. ದರ. ಅರಸ. ಅಗಸ. ಗರಗಸ. ಒಂದು ವಾರದ ಹುಡುಗ ಗರಗಸ ಅಂತ ಓದುತ್ತಾನೆ, ಓದಿದ ತಕ್ಷಣ ಅವನ ಮುಖ ನೋಡಬೇಕು. ವರ್ಣಮಾಲೆಯ 49 ಅಕ್ಷರ ಬಾಯಿಪಾಠ ಮಾಡಿಯೂ ಒಂದು ಪದ ಓದಲಾಗದ ಹುಡುಗನಿಗೆ ಆ ಖುಷಿ ಎಲ್ಲಿಂದ ಬರಬೇಕು?

ಆಮೇಲೆ ಜ ವ ಮ ಬ ನ. ಮರ, ದನ, ಜನ, ವನ, ಬಸವ, ಸಮ. ಹತ್ತು ಅಕ್ಷರ ಆಯಿತಲ್ಲ, ಈಗ "ಬಸವನ ದನ" ಅಂತ ಎರಡು ಪದ ಒಟ್ಟಿಗೆ ಓದಿಸಬಹುದು. ದೀರ್ಘ, ಗುಣಿತ ಎಲ್ಲ ಆಮೇಲೆ. ಒತ್ತಕ್ಷರದ ಹೆಸರನ್ನೇ ಈ ವರ್ಷ ಎತ್ತಬೇಡಿ. ಅವನು ತಾನಾಗಿ ಬಂದು "ಅಮ್ಮ, ಇಲ್ಲಿ ಕೆಳಗೆ ಇನ್ನೊಂದು ಅಕ್ಷರ ಯಾಕೆ ನೇತಾಡುತ್ತಿದೆ" ಅಂತ ಕೇಳಿದ ದಿನ ಹೇಳಿ.

ರಾಗ ಹಾಕಿ ಕಲಿತ ಮಕ್ಕಳದ್ದೆಲ್ಲ ಇದೇ ಕಥೆ. ಹಾಡು ಕಿವಿಯಲ್ಲಿ ಕೂತಿರುತ್ತದೆ, ಕಣ್ಣಿಗೆ ಇಳಿದಿರುವುದಿಲ್ಲ. ಅವನದು ತಪ್ಪಲ್ಲ.

ಹೇಗೆ ಮಾಡುವುದು ಅಂದರೆ, ಹಳೆಯ ರಟ್ಟಿನ ಪೆಟ್ಟಿಗೆ ಕತ್ತರಿಸಿ. ಒಂದೊಂದು ತುಂಡಿಗೆ ಒಂದೊಂದು ಅಕ್ಷರ. ನೆಲದ ಮೇಲೆ ಹರಡಿ. ನೀವು ಪದ ಹೇಳಿ, ಅವನು ಜೋಡಿಸಲಿ. ಮರಳು ಇದೆಯಲ್ಲ ನಿಮ್ಮಲ್ಲಿ, ನಮಗೆ ಸ್ಲೇಟು ಬಳಪಕ್ಕೂ ಪರದಾಟವಿತ್ತು. ಬೆರಳಲ್ಲಿ ಬರೆಯಲಿ. ಇಪ್ಪತ್ತು ನಿಮಿಷ ಸಾಕು. ಇಪ್ಪತ್ತೊಂದನೇ ನಿಮಿಷಕ್ಕೆ ಅವನೇ ಇನ್ನೂ ಬೇಕು ಅಂದರೂ ಎದ್ದು ಬಿಡಿ.

ಚಿಕ್ಕವಳಿಗೆ ನಾಲ್ಕೂವರೆ ಅಂದಿರಿ. ಅವಳಿಗೆ ಅಣ್ಣನೇ ಮೇಷ್ಟ್ರು. ಅವನು ರಟ್ಟು ಎತ್ತಿ ತೋರಿಸಲಿ, ಅವಳು ಅದೇ ಅಕ್ಷರ ಹುಡುಕಲಿ. ನಲಿ-ಕಲಿಯಲ್ಲಿ ಒಂದು ಎರಡನೇ ಕ್ಲಾಸಿನವರನ್ನು ಒಟ್ಟಿಗೆ ಕೂರಿಸುವುದು ಸುಮ್ನೆ ಅಲ್ಲ.

ಮತ್ತೊಂದು. ಬೆಳಗಾಗುವುದು ಐದಕ್ಕೆ ಅಂದ ಮೇಲೆ ಒಂಬತ್ತಕ್ಕೆ ಯಾಕೆ ಪಾಠ? ಆರಕ್ಕೆ ಮಾಡಿ. ಗಡಿಯಾರ ನೋಡಿ ಪಾಠ ಮಾಡುವುದು ನಮ್ಮಂಥ ಸಂಬಳದವರು.

---

ಕುದ್ರುವಿನವ

ಮೇಷ್ಟ್ರು ಹೇಳಿದ್ದು ಸರಿ, ಆದರೆ ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಬೇಡಿ ಮಾರಾಯ್ರೆ.

ನಾನು ಹುಟ್ಟಿ ಬೆಳೆದದ್ದು ಮಂಗಳೂರಿನ ಹತ್ತಿರ ನೇತ್ರಾವತಿ ನಡುವಿನ ಒಂದು ಕುದ್ರುವಿನಲ್ಲಿ. ಸುತ್ತ ನೀರು, ಬೆರಳೆಣಿಕೆಯ ಮನೆಗಳು. ಶಾಲೆ ಆಚೆ ದಡದಲ್ಲಿ. ದಿನಾ ದೋಣಿ. ಜೂನ್ ಜುಲೈಯಲ್ಲಿ ಹೊಳೆ ಕೆಂಪಾಗಿ ತುಂಬಿ ಹರಿಯುವಾಗ ಅಮ್ಮ ಕಳಿಸುತ್ತಿರಲಿಲ್ಲ. ವಾರಗಟ್ಟಲೆ ನಾವು ಮೂರು ಜನ ಮನೆಯಲ್ಲೇ. ಅಜ್ಜ ಪಂಚಾಂಗ ಹಿಡಿದು ಕೂರಿಸಿ ಲೆಕ್ಕ ಹೇಳಿಕೊಡುತ್ತಿದ್ದರು. ಅದಕ್ಕೆ ಆಗ ಹೋಮ್‌ಸ್ಕೂಲಿಂಗ್ ಅನ್ನುವ ಹೆಸರು ಇರಲಿಲ್ಲ, ಮಳೆ ಅಂತ ಹೆಸರು.

ಪಾಠಕ್ಕೇನೂ ಕೊರತೆ ಆಗಲಿಲ್ಲ. ಕೊರತೆ ಆದದ್ದು ಜನಕ್ಕೆ. ಮಳೆ ಬಿಟ್ಟು ಶಾಲೆಗೆ ಹೋದರೆ ಉಳಿದವರೆಲ್ಲ ಯಾವುದೋ ಹೊಸ ಆಟ ಕಲಿತಿರುತ್ತಿದ್ದರು, ಯಾವುದೋ ಮಾತಿಗೆ ನಗುತ್ತಿದ್ದರು, ನಮಗೆ ಯಾಕೆ ಅಂತ ಗೊತ್ತಾಗುತ್ತಿರಲಿಲ್ಲ. ಅದು ಸಣ್ಣ ವಿಷಯ ಅಲ್ಲ.

ನೀವು ಬರೆದದ್ದನ್ನು ಎರಡು ಸಲ ಓದಿದೆ. ಓದು ಬರುತ್ತಿಲ್ಲ ಅಂತ ಒಂದು ಪ್ಯಾರಾ ಬರೆದಿದ್ದೀರಿ, ನೀವು ಒಬ್ಬರೇ ಒದ್ದಾಡುವುದರ ಬಗ್ಗೆ ಉಳಿದದ್ದೆಲ್ಲ. ಗಂಡನಿಗೆ ಸೀಸನ್, ಅತ್ತೆ ಫೋನಿನಲ್ಲಿ, ಎರಡು ಮಕ್ಕಳು, ಒಂದು ಬಾವಿ. ನಿಮ್ಮ ಊರಿನಲ್ಲಿ ಶಾಲೆ ಇದೆಯಲ್ವಾ? ನಡೆದು ಹೋಗುವಷ್ಟು ದೂರದಲ್ಲಿ? ನಮಗೆ ಹೊಳೆ ದಾಟಬೇಕಿತ್ತು. ಆರು ತಿಂಗಳು ಸೇರಿಸಿ ನೋಡಿ. ಕನ್ನಡ ಅಲ್ಲಿ ಸಿಗುವುದಿಲ್ಲ, ನಿಜ. ಅದನ್ನು ಮನೆಯಲ್ಲಿ ಮೇಷ್ಟ್ರು ಹೇಳಿದ ಹಾಗೆ ಬೆಳಗ್ಗೆ ಇಪ್ಪತ್ತು ನಿಮಿಷ ಮಾಡಿ. ಉಳಿದ ಭಾರ ಶಾಲೆ ಹೊರಲಿ. ನೀವು ಒಂದು ಲೋಟ ಚಹಾ ಬಿಸಿ ಇರುವಾಗಲೇ ಕುಡಿಯಿರಿ.

ಮನೆಯಲ್ಲೇ ಕಲಿಸುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ಅದು ಎರಡು ಜನ ದೊಡ್ಡವರು ಬೇಕಾಗುವ ಕೆಲಸ. ನಿಮ್ಮಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಒಬ್ಬರೇ ಇದ್ದೀರಿ.

ಅಂದಹಾಗೆ ಅಜ್ಜನ ಲೆಕ್ಕ ಹೇಳಿಬಿಡುತ್ತೇನೆ, ನಿಮ್ಮ ಹುಡುಗನಿಗೆ ಆಗಬಹುದು. ನಮ್ಮಲ್ಲಿ ಉಬ್ಬರಕ್ಕೆ ಭರತ ಅಂತೇವೆ. ಭರತ ದಿನಕ್ಕೆ ಎರಡು ಗಳಿಗೆ ತಡ. ಒಂದು ಗಳಿಗೆ ಅಂದರೆ 24 ನಿಮಿಷ, ಎರಡು ಅಂದರೆ 48. ಅಮಾವಾಸ್ಯೆ ದಿನ ಭರತ ಎಷ್ಟು ಹೊತ್ತಿಗೆ ಅಂತ ಗೊತ್ತಿದ್ದರೆ ಸಾಕು, ತಿಥಿ ಎಣಿಸಿ ಎರಡೆರಡು ಗಳಿಗೆ ಸೇರಿಸುತ್ತಾ ಹೋಗುವುದು. ಹುಣ್ಣಿಮೆಗೆ ಮತ್ತೆ ಅಮಾವಾಸ್ಯೆಯ ಹೊತ್ತಿಗೇ ಬಂದು ನಿಲ್ಲುತ್ತದೆ. ದೋಣಿಯವರಿಗೆಲ್ಲ ಇದು ಬಾಯಿಗೆ ಬರುತ್ತಿತ್ತು. ಎರಡರ ಮಗ್ಗಿ ನಾನು ಕಲಿತದ್ದು ಹೀಗೆ.

---

ಪೇಪರ್_ಶಾಂತಿ

ನಾವೂ ದ್ವೀಪದಲ್ಲೇ ಇರುವುದು, ನಗಬೇಡಿ, ಸಿಂಗಪುರ. ಐವತ್ತು ಲಕ್ಷ ದಾಟಿದ ಜನ ಇರುವ ದ್ವೀಪ.

ಇಲ್ಲಿ ಮನೆಯಲ್ಲಿ ಓದಿಸುವುದು ಅಷ್ಟು ಸಲೀಸಲ್ಲ. ಸಿಂಗಪುರದ ಪ್ರಜೆಗಳ ಮಕ್ಕಳಿಗೆ 2003ರಿಂದ ಪ್ರಾಥಮಿಕ ಶಾಲೆ ಕಡ್ಡಾಯ. ಮನೆಯಲ್ಲಿ ಕಲಿಸುತ್ತೇವೆ ಅಂದರೆ ಶಿಕ್ಷಣ ಸಚಿವಾಲಯದಿಂದ ವಿನಾಯಿತಿ ಪಡೆಯಬೇಕು, ಏನು ಕಲಿಸುತ್ತೀರಿ ಅಂತ ಬರೆದು ಕೊಡಬೇಕು, ಕೊನೆಗೆ ಪಿಎಸ್‌ಎಲ್‌ಇ ಅಂತ ಪ್ರಾಥಮಿಕ ಶಾಲೆ ಮುಗಿಸುವ ಪರೀಕ್ಷೆಯನ್ನು ಮಗು ಬರೆಯಲೇಬೇಕು. ನಮ್ಮ ಕಟ್ಟಡದ ಒಂದು ಮನೆಯವರು ಹಾಗೆ ಮಾಡಿದರು, ಅವರ ಫೈಲು ನೋಡಿಯೇ ನನಗೆ ತಲೆಸುತ್ತು ಬಂತು. ನಾನು ನನ್ನ ಮಕ್ಕಳನ್ನು ಶಾಲೆಗೆ ಕಳಿಸಿ ಕನ್ನಡ ಮಾತ್ರ ಮನೆಯಲ್ಲಿ ಕಲಿಸುತ್ತೇನೆ.

ಭಾರತದಲ್ಲಿ ಆ ಕಿರಿಕಿರಿ ಇಲ್ಲ, ಆದರೆ ಕಾಗದದ ವಿಷಯ ಸ್ವಲ್ಪ ತಿಳಿದಿರಲಿ. ನನ್ನ ತಂಗಿ ಮೈಸೂರಿನಲ್ಲಿ ಮಗನನ್ನು ಮನೆಯಲ್ಲೇ ಓದಿಸುತ್ತಿದ್ದಾಳೆ, ಅವಳಿಗಾಗಿ ಇದನ್ನೆಲ್ಲ ಹುಡುಕಿ ಓದಿದ್ದೆ. ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಗೆ ಬಂದಿದ್ದು 2010ರ ಏಪ್ರಿಲ್ 1ಕ್ಕೆ. 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯ. ಮಗುವನ್ನು ಹತ್ತಿರದ ಶಾಲೆಗೆ ಸೇರಿಸುವುದು ತಂದೆ ತಾಯಿಯ ಕರ್ತವ್ಯ ಅಂತ ಅದರಲ್ಲಿದೆ, ಸೇರಿಸದಿದ್ದರೆ ದಂಡ ಅಂತ ಇಲ್ಲ. ಮನೆಯಲ್ಲಿ ಕಲಿಸುವವರ ಬಗ್ಗೆ ಕಾಯ್ದೆ ಒಂದು ಮಾತೂ ಆಡುವುದಿಲ್ಲ. ನಿಮಗೆ ಬೇಕಾದ ಸಾಲು ಇದು: ಆರು ದಾಟಿದ ಮಗು ಶಾಲೆಗೇ ಹೋಗಿಲ್ಲದಿದ್ದರೂ ಅದರ ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಿಸಿಕೊಳ್ಳಬೇಕು. ಅಂದರೆ ಈಗ ಸೇರಿಸಿದರೂ ನಿಮ್ಮವನು ಒಂದನೇ ಕ್ಲಾಸಿನಿಂದ ಶುರು ಮಾಡಬೇಕಾಗಿಲ್ಲ. ಬಾಗಿಲು ಮುಚ್ಚಿಲ್ಲ.

ಮನೆಯಲ್ಲೇ ಮುಂದುವರಿಸಿದರೂ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಇದೆ. ಅವರ ಮುಕ್ತ ಮೂಲ ಶಿಕ್ಷಣದಲ್ಲಿ ಎ, ಬಿ, ಸಿ ಅಂತ ಮೂರು ಹಂತ, ಅಂದರೆ 3, 5, 8ನೇ ಕ್ಲಾಸಿಗೆ ಸಮ. ಹತ್ತನೇ ಕ್ಲಾಸಿಗೆ 14 ವರ್ಷ ತುಂಬಿರಬೇಕು. ಅದರಲ್ಲಿ ಕನ್ನಡವನ್ನು ಒಂದು ವಿಷಯವಾಗಿ ತೆಗೆದುಕೊಳ್ಳಬಹುದು. ಏಳು ವರ್ಷಕ್ಕೇ ಇದೆಲ್ಲ ಯೋಚಿಸಿ ನಿದ್ದೆ ಕೆಡಿಸಿಕೊಳ್ಳಬೇಡಿ, ಸುಮ್ನೆ ತಿಳಿದಿರಲಿ ಅಂತ.

ಪುಸ್ತಕ: ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡ ಮಕ್ಕಳ ಕಥೆಗಳು ಬೇಕಾದಷ್ಟಿವೆ, ದುಡ್ಡಿಲ್ಲ, ಇಳಿಸಿಕೊಂಡು ನೆಟ್ ಇಲ್ಲದೆಯೂ ಓದಬಹುದು. ಕಷ್ಟದ ಮಟ್ಟ ಒಂದರಿಂದ ನಾಲ್ಕು ಅಂತ ಹಾಕಿರುತ್ತಾರೆ. ಒಂದನೇ ಮಟ್ಟದ್ದು ಹೆಚ್ಚಾಗಿ ಒಂದು ಪುಟಕ್ಕೆ ಒಂದೆರಡೇ ಸಾಲು. ಪೋರ್ಟ್ ಬ್ಲೇರ್‌ಗೆ ಹೋದಾಗ ಒಂದು ಇಪ್ಪತ್ತು ಇಳಿಸಿಕೊಂಡು ಬನ್ನಿ. ಕರ್ನಾಟಕ ಪಠ್ಯಪುಸ್ತಕ ಸಂಘದ ತಾಣದಲ್ಲಿ ಶಾಲೆಯ ಪುಸ್ತಕಗಳೂ ಪಿಡಿಎಫ್ ಸಿಗುತ್ತವೆ.

ಕುದ್ರುವಿನವರೇ, ಆ ಎರಡು ಗಳಿಗೆ ಲೆಕ್ಕ ಚೆನ್ನಾಗಿದೆ. ನನ್ನ ಮಗಳಿಗೆ ಹೇಳಿದೆ. "ಗಳಿಗೆ ಅಂದರೆ ಆ್ಯಪ್ ಆ?" ಅಂದಳು.

---

ನೀಲ್_ಅಮ್ಮ

ಎಲ್ಲರಿಗೂ ಥ್ಯಾಂಕ್ಸ್. ಎರಡು ದಿನ ನೆಟ್ ಇರಲಿಲ್ಲ, ಈಗ ಎಲ್ಲ ಒಟ್ಟಿಗೆ ಓದಿದೆ. ಕುದ್ರುವಿನವರೇ, ನಿಮ್ಮ ಮಾತಿಗೆ ಮೊದಲು ಸಿಟ್ಟು ಬಂತು, ನಿಜ ಹೇಳುತ್ತೇನೆ. ಆಮೇಲೆ ಪಾತ್ರೆ ತೊಳೆಯುವಾಗ ಯೋಚಿಸಿದರೆ ನೀವು ಹೇಳಿದ್ದೇ ಸರಿ ಅನ್ನಿಸಿ ಇನ್ನೂ ಜಾಸ್ತಿ ಸಿಟ್ಟು ಬಂತು.

ಮೇಷ್ಟ್ರೇ, ಚಾರ್ಟ್ ಒಲೆಗೆ ಹೋಗಲಿಲ್ಲ, ನಮ್ಮದು ಗ್ಯಾಸು. ಚಿಕ್ಕವಳು ಅದನ್ನು ಸುತ್ತಿ ದುರ್ಬೀನು ಮಾಡಿಕೊಂಡಿದ್ದಾಳೆ. ಅಕ್ಷರಗಳನ್ನು ರಟ್ಟಿನ ಬದಲು ಚಿಪ್ಪಿನ ಮೇಲೆ ಬರೆಯೋಣ ಅಂತ ಮಕ್ಕಳು ದೊಡ್ಡ ಬುಟ್ಟಿ ತುಂಬ ಚಿಪ್ಪು ಆಯ್ದು ತಂದಿದ್ದಾರೆ. ಹತ್ತು ಅಕ್ಷರಕ್ಕೆ ಹತ್ತು ಚಿಪ್ಪು, ಉಳಿದದ್ದು ಎಣಿಸಲು. ಚೆನ್ನಾಗಿರುತ್ತದೆ ಅಲ್ವಾ?

---

ಹವಳದ_ಹುಡುಗಿ

ಅಕ್ಕಾ, ನಡುವೆ ಬಾಯಿ ಹಾಕುತ್ತೇನೆ. ಆ ಬುಟ್ಟಿ ದಯವಿಟ್ಟು ವಾಪಸ್ ಕಡಲಿಗೆ. ನಾನು ನಿಮ್ಮ ಪಕ್ಕದ ಹ್ಯಾವ್‌ಲಾಕ್ ದ್ವೀಪದಲ್ಲಿ ಎರಡು ವರ್ಷ ಇದ್ದೆ, ಸಮುದ್ರಜೀವಿಗಳ ಮೇಲೆ ಕೆಲಸ. ಹವಳ, ಸತ್ತ ಹವಳದ ತುಂಡು ಕೂಡ, 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿ ಇರುವ ಮೊದಲ ಪಟ್ಟಿಯಲ್ಲೇ ಇದೆ. ಚಿಪ್ಪುಗಳಲ್ಲೂ ಕೆಲವು ಸೇರುತ್ತವೆ. ನಿಮ್ಮೆಜಮಾನರಿಗೆ ಗೊತ್ತಿರುತ್ತದೆ, ಕೇಳಿ.

ಕಾಯ್ದೆ ಬಿಡಿ. ನಿಮ್ಮ ಮಗ ಹಿಂಬಾಲಿಸುತ್ತಾನಲ್ಲ ಸನ್ಯಾಸಿ ಏಡಿ, ಅದಕ್ಕೆ ಸ್ವಂತ ಚಿಪ್ಪು ಇಲ್ಲ. ಬೆಳೆದ ಹಾಗೆ ಖಾಲಿ ಚಿಪ್ಪು ಹುಡುಕಿ ಮನೆ ಬದಲಾಯಿಸಬೇಕು. ಬಾಡಿಗೆ ಮನೆಯವರ ಕಷ್ಟ ನಿಮಗೆ ಗೊತ್ತಲ್ಲ! ಇದನ್ನೇ ಅವನಿಗೆ ಹೇಳಿ, ತಾನಾಗಿ ವಾಪಸ್ ಇಡುತ್ತಾನೆ.

ಇನ್ನೊಂದು, ನಿಮ್ಮ ನೀಲ್ ಸುತ್ತಿನ ಕಡಲಹುಲ್ಲಿನಲ್ಲಿ ಕಡಲ ಹಸು ಕಾಣಿಸಿಕೊಂಡದ್ದಿದೆ. ಡ್ಯುಗಾಂಗ್ ಅಂತಾರಲ್ಲ, ಅಂಡಮಾನಿನ ರಾಜ್ಯಪ್ರಾಣಿ ಅದೇ. ಹುಲ್ಲು ಮೇಯುವ, ಮರಿಗೆ ಹಾಲು ಕೊಡುವ ಪ್ರಾಣಿ. ಸಾಗರದ ಕೊಟ್ಟಿಗೆ ನೋಡಿದ ಮಗುವಿಗೆ ಇದರ ಕಥೆ ಹೇಳಿದರೆ ಎಷ್ಟು ಚೆನ್ನ. ಮೇಷ್ಟ್ರ ಪಟ್ಟಿಯಲ್ಲಿ ದನ ಇದೆ, ನೀವು ಒಂದು ಕಡಲದನ ಸೇರಿಸಿ.

---

ಕೋಟೆ_ಮೇಷ್ಟ್ರು

ಕಡಲದನ! ಅದಕ್ಕೆ ಕ, ಡ, ಲ ಬೇಕಾಗುತ್ತದೆ. ತೊಂದರೆಯಿಲ್ಲ, ಆಸೆ ಇದ್ದರೆ ಹುಡುಗ ಮೂರು ಅಕ್ಷರ ಮುಂಗಡ ಕಲಿಯುತ್ತಾನೆ. ಕ್ರಮ ಅನ್ನುವುದು ಮೇಷ್ಟ್ರಿಗೆ ಊರುಗೋಲು, ಮಗುವಿಗೆ ಕಟ್ಟಿದ ಹಗ್ಗವಲ್ಲ.

ಕುದ್ರುವಿನವರ ಮಾತಿಗೆ ನನ್ನದೂ ಅರ್ಧ ಒಪ್ಪಿಗೆ. ಅರ್ಧ ಯಾಕೆ ಅಂದರೆ ಹೊಸ ಭಾಷೆಯ ಕ್ಲಾಸಿನಲ್ಲಿ ತಿಂಗಳುಗಟ್ಟಲೆ ಬಾಯಿ ಬಿಡದೆ ಕೂತ ಮಕ್ಕಳನ್ನು ನಾನು ನೋಡಿದ್ದೇನೆ. ನಮ್ಮ ಕಡೆ ಹಾಡಿಯ ಜೇನುಕುರುಬ ಮಕ್ಕಳು ಬರುತ್ತಿದ್ದರು. ಮನೆಯಲ್ಲಿ ಅವರ ನುಡಿ ಬೇರೆ. ನಮ್ಮ ಪುಸ್ತಕದ ಕನ್ನಡ ಅವರಿಗೆ ಪರದೇಶ. ಅವರು ದಡ್ಡರು ಅಂತ ನಾವು ಅಂದುಕೊಂಡಿದ್ದೆವು, ಆ ತಪ್ಪು ನನ್ನದೂ ಹೌದು. ನಿಮ್ಮ ಹುಡುಗನಿಗೆ ಅಲ್ಲಿನ ಮಾತು ಬರುತ್ತದೆ ಅಂದಿರಿ, ಜಗಳ ಆಡುತ್ತಾನೆ ಅಂದಿರಿ. ಜಗಳ ಬಂದರೆ ಭಾಷೆ ಬಂದ ಹಾಗೇ. ಹಾಗಾಗಿ ಅವನಿಗೆ ಆ ಕಷ್ಟ ಇಲ್ಲ.

---

ನೀಲ್_ಅಮ್ಮ

ಐದು ವಾರ ಆಯಿತು. ಹೇಗಾಯಿತು ಅಂತ ಒಬ್ಬರು ಮೆಸೇಜ್ ಮಾಡಿ ಕೇಳಿದರು, ಅದಕ್ಕೆ ಬರೆಯುತ್ತಿದ್ದೇನೆ.

ಪಾಠ ಈಗ ಬೆಳಗ್ಗೆ ಆರಕ್ಕೆ, ಅಂಗಳದಲ್ಲಿ, ಚಾಪೆ ಹಾಕಿ. ಮೊದಲು ಬೀಚಿನಲ್ಲಿ ಮಾಡಿದೆವು, ಮರಳುನೊಣ ಕಚ್ಚಿ ಕಾಲೆಲ್ಲ ಕೆಂಪು ಗುಳ್ಳೆ, ಅದಕ್ಕೆ ವಾಪಸ್ ಬಂದೆವು. ಮೊದಲ ವಾರ ರ ಗ ಸ ದ ಅ. ನಾಲ್ಕನೇ ದಿನ ಅವನು ರಟ್ಟು ಜೋಡಿಸಿ ತಾನೇ "ಅಗಸ" ಅಂತ ಓದಿ, ಅಗಸ ಅಂದರೆ ಯಾರು ಅಂತ ಕೇಳಿದ. ಬಟ್ಟೆ ಒಗೆಯುವವರು ಅಂದೆ. "ಹಾಗಾದರೆ ನೀನು" ಅಂದ. ಆಮೇಲಿನಿಂದ ಮನೆಯಲ್ಲಿ ನನಗೆ ಅಗಸ ಅಂತಲೇ ಹೆಸರು.

ಎಲ್ಲ ಸರಿ ಹೋಗಿದೆ ಅಂತ ಅಲ್ಲ. ಗುಣಿತಕ್ಕೆ ಬಂದಾಗ ನಿಂತುಬಿಟ್ಟ. ಗಿ ಮತ್ತು ಗೆ ಗುರುತು ಹಿಡಿಯುವುದರಲ್ಲಿ ಮೂರು ದಿನ ಇಬ್ಬರೂ ಅತ್ತೆವು. ಎರಡು ಸಲ ರಟ್ಟು ಎಸೆದಿದ್ದಾನೆ, ಒಂದು ಸಲ ನಾನೇ ಎಸೆದೆ. ಈಗ ಒಂದೊಂದೇ ಸಾಲಿನ ಕಥೆಪುಸ್ತಕಗಳಲ್ಲಿ ಅರ್ಧ ಅವನು, ಅರ್ಧ ನಾನು ಓದುತ್ತೇವೆ. ಗೊತ್ತಿಲ್ಲದ ಅಕ್ಷರ ಬಂದರೆ ನನ್ನ ಪಾಲು.

ಚಿಪ್ಪಿನ ಬುಟ್ಟಿ ವಾಪಸ್ ಹೋಯಿತು. ದೊಡ್ಡವನೇ ಹೊತ್ತ. ಏಡಿಗಳಿಗೆ ಮನೆ ಹಂಚುತ್ತೇನೆ ಅಂತ ಸೈಜ್ ಪ್ರಕಾರ ಸಾಲಾಗಿ ಇಟ್ಟು ಬಂದ.

ಗಳಿಗೆ ಲೆಕ್ಕ ಮಾತ್ರ ಮನೆ ಹಿಡಿದಿದೆ. ಇವನಿಗೆ ಉಬ್ಬರ ಇಳಿತದ ಬಂಗಾಳಿ ಮಾತು ಗೊತ್ತಿತ್ತು, ಜೋಯಾರ್, ಭಾಟಾ ಅಂತ. ಕನ್ನಡದ್ದು ಗೊತ್ತಿರಲಿಲ್ಲ. ಭರತ ಅಂದೆ ನೋಡಿ, "ಅದಕ್ಕೇ ಭರತಪುರನಾ?" ಅಂದ. ಅಲ್ಲ ಕಣೋ ಅದು ರಾಮನ ತಮ್ಮ ಅಂದರೆ ಕೇಳುವುದಿಲ್ಲ, ಭರತ ತುಂಬುವ ಊರೇ ಭರತಪುರ ಅಂತ ಪಕ್ಕದ ಮನೆ ಕಾಕಿಮಾಗೂ ಹೇಳಿ ಬಂದಿದ್ದಾನೆ. ಅತ್ತೆಯಿಂದ ಫೋನಿನಲ್ಲಿ ದಿನಾ ತಿಥಿ ಕೇಳಿಕೊಳ್ಳುವುದು ಈಗ ಅವನ ಕೆಲಸ. ಅವರು ಪಂಚಾಂಗ ತೆಗೆದು ನೋಡಿ ಹೇಳಬೇಕು. ಶಾಲೆಯ ಮಾತೆತ್ತಲು ಅವರಿಗೆ ಪುರುಸೊತ್ತು ಸಿಗುತ್ತಿಲ್ಲ.

ಲಕ್ಷ್ಮಣಪುರದಲ್ಲಿ ಹವಳಕಲ್ಲಿನ ಒಂದು ಕಮಾನು ಇದೆ, ತಾನಾಗಿ ಆದದ್ದು. ಇಲ್ಲಿನವರು ಹೌರಾ ಬ್ರಿಡ್ಜ್ ಅಂತಾರೆ. ನೀರು ಇಳಿದಾಗ ಮಾತ್ರ ಹತ್ತಿರ ಹೋಗಲು ಆಗುವುದು. ಅಮಾವಾಸ್ಯೆ ದಿನ ಇಳಿತದ ಹೊತ್ತು ಗುರುತು ಹಾಕಿಕೊಂಡು, ಚೌತಿಗೆ ಎಂಟು ಗಳಿಗೆ ಸೇರಿಸಿ, ಇಷ್ಟು ಹೊತ್ತಿಗೆ ಹೋಗೋಣ ಅಂತ ಹೇಳಿದ. ಹೋದೆವು. ಇಳಿತ ಆಗಲೇ ಮುಗಿದು ನೀರು ಏರಲು ಶುರುವಾಗಿತ್ತು, ಅರ್ಧ ಗಂಟೆ ತಡ. ಕುದ್ರುವಿನವರೇ, ನಿಮ್ಮ ಅಜ್ಜನ ಲೆಕ್ಕ ತಪ್ಪಾ?

---

ಕುದ್ರುವಿನವ

ಅಜ್ಜನ ಲೆಕ್ಕ ತಪ್ಪಲ್ಲ ಮಾರಾಯ್ರೆ, ನಾನು ಅರ್ಧ ಹೇಳಿದ್ದೆ. ಎರಡು ಗಳಿಗೆ ಅನ್ನುವುದು ಸರಾಸರಿ. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು ದಿನಕ್ಕೆ ನಲವತ್ತು ನಿಮಿಷದಷ್ಟೇ ಜರಗುತ್ತದೆ. ಅಷ್ಟಮಿ ಹತ್ತಿರ ಒಂದು ಗಂಟೆ ದಾಟುತ್ತದೆ. ಅಜ್ಜ ಚೌತಿಗೆ ಒಂದು ಗಳಿಗೆ ಬಿಟ್ಟು ಹೇಳುತ್ತಿದ್ದರು, ಯಾಕೆ ಅಂತ ನಾನು ಆಗ ಕೇಳಲಿಲ್ಲ. ನಿಮ್ಮ ಹುಡುಗನಿಗೆ ಒಂದು ತಿಂಗಳು ಬರೆದಿಡಲು ಹೇಳಿ, ಅವನಿಗೇ ಗೊತ್ತಾಗುತ್ತದೆ.

ಮತ್ತೆ ಶಾಲೆ ವಿಷಯ ಏನಾಯಿತು? ಅದನ್ನು ಹೇಳದೆ ಜಾರಿಕೊಂಡಿರಿ.

---

ನೀಲ್_ಅಮ್ಮ

ಜಾರಿಕೊಂಡೆ, ಹೌದು. ಹೋದ ವಾರ ಹೋಗಿ ಮಾತಾಡಿ ಬಂದೆ. ನಾವು ಊರಿಗೆ ಹೋಗುವ ತಿಂಗಳುಗಳ ಬಗ್ಗೆ ಇನ್ನೂ ಏನೂ ಇತ್ಯರ್ಥ ಆಗಿಲ್ಲ. ಗಂಡ ಬೇಡ ಅನ್ನುತ್ತಾರೆ. ನೀನೇ ಒಂದು ವಾರ ಅಂಗಳದಲ್ಲಿ ಪಾಠ ಮಾಡಿ ನೋಡು, ಆಮೇಲೆ ಬೇಡ ಅನ್ನು ಅಂತ ಹೇಳಿದ್ದೇನೆ. ಸೋಮವಾರದಿಂದ ಡೈವ್‌ಗೆ ಹೋಗುವ ಮೊದಲು ಆರರ ಪಾಠ ಅವರದ್ದು. ಗಿ ಗೀ ಗೆ ಗೇ ಅವರೇ ಮಾಡಲಿ.

ಹುಡುಗ ಮಾತ್ರ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಹೋಗಿ ನಿಂತುಕೊಳ್ಳಲು ಶುರು ಮಾಡಿದ್ದಾನೆ. ಚೆಂಡು ಹಿಡಿದುಕೊಂಡು. ನಾನು ಏನೂ ಕೇಳಿಲ್ಲ, ಅವನೂ ಏನೂ ಹೇಳಿಲ್ಲ.

ಕರೆಂಟ್ ಹೋಯಿತು, ಫೋನಿನಲ್ಲಿ 9 ಪರ್ಸೆಂಟ್ ಇದೆ. ಮಿಕ್ಕದ್ದು ಆಮೇಲೆ.